ಲಿಸ್ನಗೀಹದ ಬಿಳಿ ಕಲ್ಲುಗಳಿಗೆ ಬಣ್ಣ ಬಳಿಸಿದವರಿಗೆ

ಕೌಂಟಿ ಕೌನ್ಸಿಲ್ಲಿನ ಪ್ರವಾಸೋದ್ಯಮ ಅಭಿವೃದ್ಧಿ ಅಧಿಕಾರಿಗಳಿಗೆ, ನಮ್ಮ ಊರಿನ ಪತ್ರಿಕೆಯ ಮೂಲಕ,

ಮಾನ್ಯರೇ,

ಬರುವ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಲಿಸ್ನಗೀಹದ ಕೋಟೆಯ ಉತ್ತರಕ್ಕಿರುವ ಹೊಲದಲ್ಲಿ ಶೌಚಾಲಯದ ಪಾಯ ತೋಡಲು ತಾವು ಜೆಸಿಬಿ ಕಳಿಸುತ್ತಿದ್ದೀರೆಂಬ ನೋಟಿಸು ನಮ್ಮ ಅಂಚೆ ಕಚೇರಿಯ ಗಾಜಿಗೆ ಅಂಟಿಕೊಂಡಿದೆ. ಕಳಿಸಬೇಡಿ. ನನ್ನ ದೂರು ಇಷ್ಟೇ, ಬೇಡಿಕೆಯೂ ಇಷ್ಟೇ. ಕೆಲಸದ ಒತ್ತಡ ಇರುವವರು ಇಲ್ಲಿಗೇ ಓದು ನಿಲ್ಲಿಸಿ ಜೆಸಿಬಿಯವನಿಗೆ ಫೋನ್ ಮಾಡಬಹುದು. ಕಾರಣ ಬೇಕೆನ್ನುವುದಾದರೆ ಮುಂದೆ ಓದಬೇಕಾಗುತ್ತದೆ. ಅದನ್ನು ಬಾಯಿಬಿಟ್ಟು ಹೇಳಲು ನನಗೆ ಐವತ್ತೈದು ವರ್ಷ ಹಿಡಿಯಿತು, ಓದಲು ತಮಗೆ ಕಾಲು ಗಂಟೆ ಸಾಕು.

ನನ್ನ ಹೆಸರು ಕಾನ್ ಲೂಸಿ. ವಯಸ್ಸು ಎಂಬತ್ತೆರಡು. ನಲವತ್ತೊಂದು ವರ್ಷ ಇಲ್ಲಿಯ ಕ್ರೀಮರಿಯಲ್ಲಿ, ಅಂದರೆ ಸುತ್ತಲಿನ ರೈತರೆಲ್ಲ ಹಾಲು ತಂದು ಸುರಿಯುತ್ತಿದ್ದ ಡೈರಿಯಲ್ಲಿ, ಹಾಲು ಪರೀಕ್ಷಿಸುವ ಕೆಲಸ ಮಾಡಿದವನು. ಯಾರ ಕ್ಯಾನಿನಲ್ಲಿ ಹಸುವಿನ ಪಾಲೆಷ್ಟು, ಬಾವಿಯ ಪಾಲೆಷ್ಟು ಎಂದು ಹೇಳುವುದು ನನ್ನ ಕಸುಬು. ಹಾಗಾಗಿ ಊರಿನಲ್ಲಿ ನನಗೆ ಗೆಳೆಯರು ಕಡಿಮೆ, ಮರ್ಯಾದೆ ಸ್ವಲ್ಪ ಜಾಸ್ತಿ. ತಾವು ಹೊರತಂದಿರುವ ‘ಲಿಸ್ನಗೀಹ ಕಿನ್ನರಿ ಪಥ’ ಎಂಬ ಬಣ್ಣದ ಪುಸ್ತಿಕೆಯನ್ನು ಅದೇ ಹಳೆಯ ಚಾಳಿಯಿಂದ ಪರೀಕ್ಷೆಗೆ ಹಚ್ಚಿದೆ. ನೀರು ಧಾರಾಳವಾಗಿದೆ.

ಮುಖಪುಟದಲ್ಲಿ ಗುಲಾಬಿ ಲಂಗ ತೊಟ್ಟು, ಚಿಟ್ಟೆಯ ರೆಕ್ಕೆ ಕಟ್ಟಿಕೊಂಡ ಹುಡುಗಿಯೊಬ್ಬಳು ನಾಯಿಕೊಡೆಯ ಮೇಲೆ ಕುಳಿತು ಕಣ್ಣು ಹೊಡೆಯುತ್ತಿದ್ದಾಳೆ. ಇವಳು ಯಾರ ಪೈಕಿ ಎಂದು ಊರಿನಲ್ಲೆಲ್ಲ ವಿಚಾರಿಸಿದೆ. ಯಾರಿಗೂ ಗುರುತು ಸಿಗಲಿಲ್ಲ. ನಮ್ಮ ಕೋಟೆಯಲ್ಲಿರುವವರಿಗೆ ರೆಕ್ಕೆಯಿಲ್ಲ. ಅವರು ನಮ್ಮಷ್ಟೇ ಎತ್ತರ, ನಮ್ಮಷ್ಟೇ ಸಿಡುಕರು, ನೆನಪಿನ ಶಕ್ತಿ ಮಾತ್ರ ನಮಗಿಂತ ಚೆನ್ನಾಗಿದೆ. ಕಿನ್ನರಿ ಗಿನ್ನರಿ ಎಂದು ಅವರನ್ನು ಕರೆಯುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ. ‘ಒಳ್ಳೆಯವರು’ ಎನ್ನುತ್ತೇವೆ, ಅದೂ ದನಿ ತಗ್ಗಿಸಿ. ಅವರು ಒಳ್ಳೆಯವರೆಂದು ಹಾಗೆ ಕರೆಯುತ್ತೇವೆಂದು ತಿಳಿಯಬೇಡಿ. ಅಧಿಕಾರಿಗಳನ್ನು ಯಾವ ಕಾರಣಕ್ಕೆ ‘ಮಾನ್ಯರೇ’ ಎನ್ನುತ್ತೇವೋ ಅದೇ ಕಾರಣಕ್ಕೆ ಅವರನ್ನು ಒಳ್ಳೆಯವರು ಎನ್ನುತ್ತೇವೆ. ಪುಸ್ತಿಕೆಯ ಎರಡನೇ ಪುಟದಲ್ಲಿ ‘ಬನ್ನಿ, ಕಿನ್ನರಿಯರೊಡನೆ ಕುಣಿಯಿರಿ’ ಎಂಬ ಆಹ್ವಾನವಿದೆ. ಅವರೊಡನೆ ಕುಣಿಯಲು ಹೋದ ನಮ್ಮೂರಿನ ಯಾರೂ ರಾತ್ರಿಯ ಊಟಕ್ಕೆ ಮನೆಗೆ ಬಂದದ್ದಿಲ್ಲ ಎಂಬುದನ್ನು ಸಣ್ಣ ಅಕ್ಷರದಲ್ಲಾದರೂ ಹಾಕಿಸಬಹುದಿತ್ತು.

ತಾವು ಮೊದಲ ಸಲ ಇಲ್ಲಿಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಹೊಸ ಬೂಟು ಹಾಕಿಕೊಂಡು, ಕೈಯಲ್ಲಿ ನಕ್ಷೆ ಹಿಡಿದು ನಿಂತಿದ್ದಿರಿ. ನಾನು ನಾಯಿಯ ಜೊತೆ ಅತ್ತ ಬಂದೆ.

“ಇಲ್ಲಿ ಕೋಟೆ ಇದೆಯಂತಲ್ಲ, ಎಲ್ಲಿದೆ ಸ್ವಲ್ಪ ತೋರಿಸ್ತೀರಾ?” ಎಂದಿರಿ.

“ನೀವು ಅದರ ಮೇಲೇ ನಿಂತಿದೀರಿ,” ಎಂದೆ.

ತಾವು ಕೆಳಗೆ ನೋಡಿದಿರಿ. ಮುಖದಲ್ಲಿ ನಿರಾಸೆ ಎದ್ದು ಕಾಣುತ್ತಿತ್ತು. ತಪ್ಪಿಲ್ಲ. ಕೋಟೆ ಎಂಬ ಹೆಸರು ಕೇಳಿ ಬಂದವರಿಗೆ ಬುರುಜು, ಹೆಬ್ಬಾಗಿಲು ಬೇಕಾಗುತ್ತದೆ. ನಮ್ಮದು ಸಾವಿರ ವರ್ಷದ ಹಿಂದೆ ಯಾರೋ ದನ ಕಾಯಲು ಎಬ್ಬಿಸಿದ ದುಂಡಗಿನ ಮಣ್ಣಿನ ದಿಣ್ಣೆ, ಸುತ್ತ ಅರ್ಧ ಮುಚ್ಚಿಹೋದ ಕಂದಕ, ದಿಣ್ಣೆಯ ಮೇಲೆ ಮೇ ತಿಂಗಳಲ್ಲಿ ಬಿಳಿ ಹೂ ಬಿಡುವ ಮುಳ್ಳುಮರಗಳು. ದಿಣ್ಣೆ ಸರ್ಕಾರದ ಪುರಾತನ ಸ್ಮಾರಕಗಳ ಪಟ್ಟಿಯಲ್ಲಿದೆ, ಹಾಗಾಗಿ ಅದನ್ನು ತಾವು ಮುಟ್ಟುವುದಿಲ್ಲ. ದಿಣ್ಣೆಯ ಹೊರಗೆ ಉತ್ತರಕ್ಕಿರುವ ಸಣ್ಣ ಹೊಲ ಯಾವ ಪಟ್ಟಿಯಲ್ಲೂ ಇಲ್ಲ. ಅದರ ಒಡೆಯ ಸತ್ತ, ಸಿಟಿಯಲ್ಲಿರುವ ಅವನ ಅಣ್ಣನ ಮಗ ಅದನ್ನು ಕೌನ್ಸಿಲ್ಲಿಗೆ ಗುತ್ತಿಗೆಗೆ ಬಿಟ್ಟ. ನಕ್ಷೆಯಲ್ಲಿ ಆ ಹೊಲ ಖಾಲಿ. ಖಾಲಿ ಜಾಗ ಕಂಡ ಕೂಡಲೇ ತಮ್ಮ ಇಲಾಖೆಗೆ ಅಲ್ಲಿ ಕಾರು ನಿಲ್ಲಿಸುವ ಮನಸ್ಸಾಗುತ್ತದೆ.

ಏಪ್ರಿಲ್‌ನಲ್ಲಿ ತಾವು ಚರ್ಚಿನ ಸಭಾಭವನದಲ್ಲಿ ‘ಸಾರ್ವಜನಿಕ ಸಮಾಲೋಚನೆ’ ನಡೆಸಿದಿರಿ. ಚಹಾ, ಹಂದಿಮಾಂಸದ ಸ್ಯಾಂಡ್‌ವಿಚ್, ಗೋಡೆಯ ಮೇಲೆ ಚಿತ್ರಗಳು. ಹೊಲದ ಬೇಲಿಯ ಪ್ರತಿ ಮುಳ್ಳುಮರಕ್ಕೂ ಒಂದು ಪುಟಾಣಿ ಬಣ್ಣದ ಬಾಗಿಲು, ಹುಲ್ಲಿನ ನಡುವೆ ಪ್ಲಾಸ್ಟಿಕ್ ನಾಯಿಕೊಡೆಗಳು, ಗುಳ್ಳೆ ಊದುವ ಒಂದು ಯಂತ್ರ, ಮೂಲೆಯಲ್ಲಿ ಶೌಚಾಲಯ. ಅಂದು ಎಪ್ಪತ್ತು ಜನ ಬಂದಿದ್ದರು. ನಮ್ಮ ಊರಿನಲ್ಲಿ ಸಾವಿನ ಮನೆಗೆ ಬಿಟ್ಟರೆ ಎಪ್ಪತ್ತು ಜನ ಒಂದು ಕಡೆ ಸೇರುವುದಿಲ್ಲ. ಇದನ್ನು ಕಂಡು ಸ್ಥಳೀಯರಲ್ಲಿ ಅಪಾರ ಉತ್ಸಾಹವಿದೆ ಎಂದು ತಾವು ವರದಿಯಲ್ಲಿ ಬರೆದಿರಿ. ಉತ್ಸಾಹವಾಗಿರಲಿಲ್ಲ ಮಾನ್ಯರೇ, ತಮ್ಮನ್ನು ಹೆದರಿಸಿ ಓಡಿಸಲು ಬಂದಿದ್ದೆವು. ನಮ್ಮ ಹಿರಿಯರ ಕಾಲದಿಂದ ಆ ಹೊಲದ ಕಡೆ ಗುದ್ದಲಿ ಹಿಡಿದು ಬಂದವರನ್ನೆಲ್ಲ ನಾವು ಓಡಿಸಿದ್ದು ಒಂದೇ ಉಪಾಯದಿಂದ. ಅದನ್ನೇ ಅಂದೂ ಹೂಡಿದೆವು.

ಶುರು ಮಾಡಿದವನು ನನ್ನ ನೆರೆಯವನಾದ ಜೆರ್ ಟ್ವೋಮಿ. ಎದ್ದು ನಿಂತು ಟೋಪಿ ತೆಗೆದ.

“ನಮ್ಮಜ್ಜ ಆ ಹೊಲದ ಬೇಲೀಲಿ ಒಂದು ಮುಳ್ಳಿನ ಕೊಂಬೆ ಕಡ್ದ. ಬರೀ ಒಂದು. ಕೊಟ್ಟಿಗೆ ಬಾಗಿಲಿಗೆ ಅಗುಳಿ ಬೇಕಾಗಿತ್ತು. ಬೆಳಗಾಗೋದ್ರೊಳಗೆ ಬಾಯಿ ಹೋಗಿ ಕಿವಿ ಹತ್ರ ಕೂತಿತ್ತು. ಸಾಯೋವರೆಗೂ ಅವನು ಕುಡಿದ ಸೂಪಲ್ಲಿ ಅರ್ಧ ಅಂಗಿ ಕುಡೀತಿತ್ತು.”

ತಾವು ಹೌಹಾರುತ್ತೀರೆಂದು ನಾವೆಲ್ಲ ಕಾದೆವು. ತಾವು ಪೆನ್ನು ತೆಗೆದಿರಿ.

“ಅಯ್ಯೋ, ಎಷ್ಟು ಚೆನ್ನಾಗಿದೆ! ಅಜ್ಜನ ಫೋಟೋ ಇದ್ಯಾ?”

“ಇದೆ,” ಎಂದ ಜೆರ್ ಕಕ್ಕಾಬಿಕ್ಕಿಯಾಗಿ. “ಆದ್ರೆ ಒಂದೇ ಕಡೆಯಿಂದ ತೆಗ್ದಿರೋದು.”

ಆಮೇಲೆ ಒಬ್ಬರ ಹಿಂದೆ ಒಬ್ಬರು. ಹಾಲು ಬತ್ತಿದ ಹಸು, ಮೂರು ಸಲ ಬಿದ್ದ ಗೋಡೆ, ಮದುವೆಯ ದಿನವೇ ಕುರುಡಾದ ಮದುಮಗ. ನಾವು ಹೆಚ್ಚು ಹೆದರಿಸಿದಷ್ಟೂ ತಮ್ಮ ಮುಖ ಅರಳುತ್ತಿತ್ತು. ಪಥದಲ್ಲಿ ಒಂದೊಂದು ಕಥೆಗೂ ಒಂದೊಂದು ಫಲಕ ನಿಲ್ಲಿಸಲು ಫಲಕ ಒಂದು, ಫಲಕ ಎರಡು ಎಂದು ಗುರುತು ಹಾಕಿಕೊಂಡಿರಿ. ಕೊನೆಗೆ ಕಾಗದ ನೋಡಿಕೊಂಡು, ನಿಯಮಕ್ಕೆಂಬಂತೆ ಕೇಳಿದಿರಿ: “ಆ ಉತ್ತರದ ಹೊಲದಲ್ಲಿ ನಮ್ಮ ಗಮನಕ್ಕೆ ಬರಬೇಕಾದ್ದು ಬೇರೆ ಏನಾದ್ರೂ ಇದ್ಯಾ? ಹಳೇ ಗೋಡೆ, ಬಾವಿ, ಗೋರಿ, ಅಂಥದ್ದು?”

ಎಪ್ಪತ್ತು ಜನ ಒಮ್ಮೆಲೇ ತಮ್ಮ ತಮ್ಮ ಚಹಾ ಕಪ್ಪಿನೊಳಗೆ ಇಣುಕಿದರು. ನನ್ನ ಹೆಂಡತಿ ನೋನಿ ಕಪ್ಪು ಕೆಳಗಿಟ್ಟು ನನ್ನ ಮುಖ ನೋಡಿದಳು. ಏನಾದರೂ ಹೇಳಬೇಕಾಗಿತ್ತು, ನಾನು ಎದ್ದೆ.

“ಅಲ್ಲಿ ಒಳ್ಳೆಯವರನ್ನ ಬಿಟ್ರೆ ಇನ್ಯಾರೂ ಇಲ್ಲ,” ಎಂದೆ. “ಒಬ್ಬ ಆಲೂಗಡ್ಡೆ ಗುಂಡಿ ತೋಡೋಕೆ ಹೋದ. ಗುದ್ದಲಿ ಕಾವು ಮೂರು ಸಲ ಮುರೀತು. ನಾಲ್ಕನೇ ಸಲ ಅವನ ಕಾಲೇ ಮುರೀತು.”

“ಫಲಕ ಐದು,” ಎಂದು ಬರೆದುಕೊಂಡು ತಾವು ತಲೆಯೆತ್ತಿದಿರಿ. “ಕಾನ್ ಅವರೇ, ನೀವು ಭಾನುವಾರ ಬಂದು ಮಕ್ಕಳಿಗೆ ಇದನ್ನೆಲ್ಲ ಹೇಳ್ತೀರಾ? ಹಸಿರು ಟೋಪಿ ನಾವೇ ಕೊಡ್ತೀವಿ.”

ಜನ ನಕ್ಕರು. ನಾನೂ ನಕ್ಕೆ. ನೋನಿ ನಗಲಿಲ್ಲ.

ನಮ್ಮ ಕೊನೆಯ ಆಸೆ ಇದ್ದದ್ದು ಫಿನ್‌ಬಾರ್ ಮೇಲೆ. ಈ ಸುತ್ತಿನಲ್ಲಿ ಜೆಸಿಬಿ ಇಟ್ಟುಕೊಂಡಿರುವವನು ಅವನೊಬ್ಬನೇ. ತಾವು ಅವನನ್ನು ಕರೆಸಿ ಕೆಲಸ ವಿವರಿಸಿದಿರಿ. ಅವನು ತಲೆ ಕೆರೆದುಕೊಂಡ. ಇಂಥ ಕಾಲದಲ್ಲೂ ಇದನ್ನೆಲ್ಲ ನಂಬುತ್ತೀರಾ ಎಂದು ಕೇಳಿದಾಗ ಅವನು ಕೊಟ್ಟ ಉತ್ತರ ಈಗ ಊರಿನ ಪಬ್ಬಿನಲ್ಲೆಲ್ಲ ಓಡಾಡುತ್ತಿದೆ.

“ಒಂದು ಚೂರೂ ನಂಬಲ್ಲ. ಆದ್ರೆ ನಂಬೋದು ಬೇರೆ, ಅಗಿಯೋದು ಬೇರೆ.”

ತಾವು ನಕ್ಕು, ಸಿಟಿಯಿಂದ ಇನ್ನೊಬ್ಬನನ್ನು ಗೊತ್ತು ಮಾಡಿದಿರಿ. ಫಿನ್‌ಬಾರ್‌ನ ಮಾತನ್ನೂ ಪುಸ್ತಿಕೆಯ ಹಿಂಬದಿಯಲ್ಲಿ ಅಚ್ಚು ಹಾಕಿಸಿದಿರಿ. ತಮ್ಮ ಶ್ರದ್ಧೆಯಲ್ಲಿ ನನಗೆ ಯಾವ ಸಂದೇಹವೂ ಇಲ್ಲ. ನಾವು ಎಸೆದ ಒಂದೊಂದು ಕಲ್ಲನ್ನೂ ಹೂವೆಂದು ಹಿಡಿದು ಹೂದಾನಿಯಲ್ಲಿ ಇಡುವ ಅಧಿಕಾರಿಯನ್ನು ನಾವು ಇದುವರೆಗೆ ಕಂಡಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಪುಟಾಣಿ ಬಾಗಿಲುಗಳನ್ನು ಸಹಿಸಿಕೊಳ್ಳಬಹುದು, ಗಾಳಿಗೆ ತಾವಾಗಿಯೇ ಬೀಳುತ್ತವೆ. ಮೇ ತಿಂಗಳ ಕೊನೆಯಲ್ಲಿ ತಾವು ಶಾಲೆಯ ಮಕ್ಕಳಿಗಾಗಿ ‘ಕಿನ್ನರಿ ಕಲ್ಲುಗಳ ದಿನ’ ಏರ್ಪಡಿಸಿದಿರಿ. ಹೊಲದಲ್ಲಿ ಅಲ್ಲಲ್ಲಿ ಹುಲ್ಲಿನಲ್ಲಿ ಹೂತಿದ್ದ ಬಿಳಿ ಕಲ್ಲುಗಳನ್ನು ಮಕ್ಕಳು ಕಿತ್ತು ತರುವುದು, ಬಣ್ಣ ಬಳಿಯುವುದು, ಸ್ವಾಗತ ಫಲಕದ ಸುತ್ತ ಜೋಡಿಸುವುದು, ಚೆನ್ನಾಗಿ ಬಳಿದವರು ಒಂದೊಂದನ್ನು ಮನೆಗೆ ಒಯ್ಯುವುದು. ಆ ದಿನ ಸಂಜೆ ನನ್ನ ಮಗಳ ಮಗಳು ಸೈವ್, ಏಳು ವರ್ಷದವಳು, ನಮ್ಮ ಅಡುಗೆಮನೆಗೆ ಓಡಿಬಂದಳು. ಎರಡೂ ಕೈಯಲ್ಲಿ ರೊಟ್ಟಿಯಷ್ಟು ದೊಡ್ಡ ಕಲ್ಲು. ಕೆಂಪು ಮೈ, ಕಪ್ಪು ಚುಕ್ಕೆ, ನಗುವ ಬಾಯಿ. ಗುಲಗಂಜಿ ಹುಳು.

“ಅಜ್ಜೀ, ಇದು ನಿಂಗೆ! ನಾನೇ ಮಾಡಿದ್ದು. ಚುಕ್ಕೆ ಎಷ್ಟಿದೆ ಎಣ್ಸು.”

ನೋನಿ ಎಣಿಸಿದಳು. “ಆರು. ತುಂಬಾ ಚೆನ್ನಾಗಿದೆ ಚಿನ್ನಾ. ಕಲ್ಲೆಲ್ಲಿ ಸಿಕ್ತು?”

“ಕೋಟೆ ಹೊಲದಲ್ಲಿ. ಬೇಕಾದಷ್ಟಿತ್ತು ಅಜ್ಜೀ! ಯಾರೋ ಸಾಲಾಗಿ ಇಟ್ಟಿದ್ರು.”

ನೋನಿ ಕಲ್ಲನ್ನು ನಿಧಾನವಾಗಿ ಮಗುಚಿದಳು. ಕೆಳಗಡೆ ಬಣ್ಣ ತಾಗಿರಲಿಲ್ಲ, ಅಚ್ಚ ಬಿಳಿ. ಬೆರಳಿನಿಂದ ಸವರಿ ನೋಡಿದಳು. ಸೈವ್‌ಗೆ ಬ್ರೆಡ್ಡಿಗೆ ಜಾಮ್ ಹಚ್ಚಿಕೊಟ್ಟಳು, ಕೆನ್ನೆಗೆ ಮುತ್ತು ಕೊಟ್ಟಳು, ಬಾಗಿಲವರೆಗೆ ಕಳಿಸಿ ಬಂದಳು. ಬಾಗಿಲು ಹಾಕಿದ ಮೇಲೆ ನನ್ನ ಕಡೆ ತಿರುಗಿದಳು.

“ಕಾನ್, ಇದು ನಮ್ದಲ್ಲ.”

“ಅಲ್ಲ,” ಎಂದೆ.

“ಹಾಗಾದ್ರೆ ಯಾರ್ದು?”

ಮಾನ್ಯರೇ, ತಾವು ಏಪ್ರಿಲ್‌ನಲ್ಲಿ ಕೇಳಿದ ಪ್ರಶ್ನೆಗೆ ಈಗ ಉತ್ತರ ಕೊಡುತ್ತೇನೆ. ಅರವತ್ತನಾಲ್ಕನೆಯ ಇಸವಿಯ ಫೆಬ್ರವರಿಯಲ್ಲಿ ನೋನಿಗೆ ನಮ್ಮ ಮೊದಲ ಮಗು ಹುಟ್ಟಿತು. ಹೆಣ್ಣು. ಅಳಲಿಲ್ಲ. ಸೂಲಗಿತ್ತಿ ಜ್ಞಾನಸ್ನಾನಕ್ಕೆಂದು ನೀರಿನ ಬಟ್ಟಲಿಗೆ ಕೈ ಚಾಚುವಷ್ಟರಲ್ಲಿ ಉಸಿರಿಲ್ಲ ಎಂದು ಗೊತ್ತಾಗಿತ್ತು, ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಆ ಕಾಲದ ಕಟ್ಟಳೆ ಏನೆಂದು ತಮ್ಮ ವಯಸ್ಸಿನವರಿಗೆ ತಿಳಿದಿರಲಾರದು. ತಲೆಯ ಮೇಲೆ ನೀರು ಬೀಳದ ಮಗುವಿಗೆ ಸ್ವರ್ಗವಿಲ್ಲ, ನರಕವೂ ಇಲ್ಲ, ನಡುವೆ ಎಲ್ಲೋ ಒಂದು ಕೋಣೆ. ಚರ್ಚಿನ ಸ್ಮಶಾನದ ಹರಸಿದ ಮಣ್ಣಿನಲ್ಲಿ ಅದಕ್ಕೆ ಜಾಗವಿಲ್ಲ. ಪಾದ್ರಿಗಳು ಕೆಟ್ಟವರೇನಲ್ಲ, ಬಹಳ ಮೆತ್ತಗೆ ಹೇಳಿದರು: “ಎಲ್ಲಿಗೆ ಅಂತ ನಿನಗೆ ಗೊತ್ತಲ್ಲ ಕಾನ್.”

ಗೊತ್ತಿತ್ತು. ನಮ್ಮಲ್ಲಿ ಎಲ್ಲರಿಗೂ ಗೊತ್ತಿತ್ತು. ತಾಯಿ ಹೋಗುವ ಹಾಗಿಲ್ಲ. ಗಂಟೆಯಿಲ್ಲ, ಪಾದ್ರಿಯಿಲ್ಲ, ದನಿಯೆತ್ತಿದ ಪ್ರಾರ್ಥನೆಯಿಲ್ಲ. ಅಪ್ಪನಾದವನು ಒಬ್ಬನೇ, ಯಾರ ಕಣ್ಣಿಗೂ ಬೀಳದ ಹೊತ್ತಿನಲ್ಲಿ ಒಯ್ಯಬೇಕು. ನಾನು ಕ್ರೀಮರಿಯಿಂದ ಒಂದು ಬೆಣ್ಣೆ ಪೆಟ್ಟಿಗೆ ತಂದೆ. ಐವತ್ತಾರು ಪೌಂಡು ಬೆಣ್ಣೆ ಹಿಡಿಯುವ ಹಲಗೆ ಪೆಟ್ಟಿಗೆ. ದಿನಕ್ಕೆ ನೂರು ಎತ್ತುತ್ತಿದ್ದೆ, ಅಷ್ಟು ಹಗುರವಾದದ್ದನ್ನು ಎಂದೂ ಎತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಹೊರಟೆ. ದಾರಿಯಲ್ಲಿ ಜೆರ್ ಟ್ವೋಮಿಯ ಅಪ್ಪ ಕತ್ತೆಗಾಡಿಯಲ್ಲಿ ಹಾಲಿನ ಕ್ಯಾನು ಹೇರಿಕೊಂಡು ಎದುರಾದ. ನನ್ನ ಕಂಕುಳಲ್ಲಿ ಪೆಟ್ಟಿಗೆ, ಹೆಗಲಲ್ಲಿ ಗುದ್ದಲಿ. ಆತ ಮುಖ ತಿರುಗಿಸಿ ಬೇಲಿ ನೋಡಿದ, ನಾನು ಇನ್ನೊಂದು ಬೇಲಿ ನೋಡಿದೆ. ದಾಟಿ ಹೋದ ಮೇಲೆ ಹಿಂದೆ ಗಾಡಿ ನಿಂತ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಆತ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಅವನವೂ ಎರಡು ಅಲ್ಲಿವೆ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಕೋಟೆಯ ಉತ್ತರದ ಹೊಲದಲ್ಲಿ ಆಗಲೇ ಸಾಲು ಸಾಲು ಬಿಳಿ ಕಲ್ಲುಗಳಿದ್ದವು. ಒಂದೊಂದರ ಕೆಳಗೂ ಒಬ್ಬರ ಮಗು. ಯಾವುದರ ಮೇಲೂ ಅಕ್ಷರವಿಲ್ಲ. ನಾನು ಕತ್ತಲಲ್ಲಿ ಹೆಜ್ಜೆ ಎಣಿಸಲಿಲ್ಲ, ಸಾಲು ನೋಡಲಿಲ್ಲ. ಹಳ್ಳದಿಂದ ಆರಿಸಿ ತಂದ ಕಲ್ಲನ್ನು ಮಣ್ಣಿನ ಮೇಲೆ ಒತ್ತಿಟ್ಟು ಬಂದೆ, ಹಾಲು ಬರುವ ಹೊತ್ತಿಗೆ ಕೆಲಸಕ್ಕೆ ಹಾಜರಾದೆ. ನೋನಿ ಮೂರು ವಾರ ಏನೂ ಕೇಳಲಿಲ್ಲ. ಆಮೇಲೆ ಒಂದು ದಿನ ಕೇಳಿದ್ದು ಒಂದೇ ಪ್ರಶ್ನೆ: “ಕಲ್ಲು ಹೇಗಿದೆ?”

“ಬಿಳಿ. ಹೊಟ್ಟೆ ಸುತ್ತ ಒಂದು ಕಪ್ಪು ಗೆರೆ ಇದೆ,” ಎಂದೆ.

ಅಷ್ಟೇ. ಐವತ್ತೈದು ವರ್ಷದಲ್ಲಿ ಆ ಮಗುವಿನ ಬಗ್ಗೆ ನಾವಿಬ್ಬರೂ ಆಡಿದ ಮಾತು ಅಷ್ಟೇ. ಆಮೇಲೆ ನಮಗೆ ನಾಲ್ಕು ಮಕ್ಕಳಾದವು, ನಾಲ್ವರಿಗೂ ಇದು ತಿಳಿಯದು. ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ನೋನಿ ತಗಡಿನ ಡಬ್ಬಿ ಹಿಡಿದು ಬ್ಲ್ಯಾಕ್‌ಬೆರಿ ಕೀಳಲು ಆ ಹೊಲದ ಬೇಲಿಗೆ ಹೋಗುತ್ತಿದ್ದಳು, ಹೆಚ್ಚುಕಡಿಮೆ ಖಾಲಿ ಡಬ್ಬಿಯೊಂದಿಗೆ ಬರುತ್ತಿದ್ದಳು. ಅಲ್ಲಿ ಹಣ್ಣು ಅಷ್ಟಾಗಿ ಬಿಡುವುದಿಲ್ಲ ಎಂದು ನಾನು ಹೇಳುತ್ತಿದ್ದೆ, ಮುಂದಿನ ವರ್ಷ ಬಿಡಬಹುದು ಎಂದು ಅವಳು ಹೇಳುತ್ತಿದ್ದಳು.

ಈಗ ತಮಗೆ ಅರ್ಥವಾಗಿರಬಹುದು, ಜೆರ್‌ನ ಅಜ್ಜನ ಬಾಯಿ ಯಾಕೆ ಸೊಟ್ಟಗಾಯಿತೆಂದು. ಪಾದ್ರಿಗಳ ಬೇಲಿಯೊಳಗೆ ಜಾಗ ಸಿಗದ ಮಕ್ಕಳಿಗೆ ಒಳ್ಳೆಯವರ ಬೇಲಿಯ ಪಕ್ಕ ಜಾಗ ಸಿಕ್ಕಿತು. ಯಾರೂ ಉಳದ, ಯಾರೂ ದನ ಬಿಡದ, ಯಾರೂ ಮನೆ ಕಟ್ಟದ ನೆಲ ಈ ಊರಿನಲ್ಲಿ ಅದೊಂದೇ ಇತ್ತು, ಯಾಕೆಂದರೆ ಅವರ ಭಯವಿತ್ತು. ಆ ಭಯ ಕರಗದ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸವಾಯಿತು. ಹಸುವಿಗೆ ಹಾಲು ಬತ್ತಿದರೆ ಆ ಹೊಲದ ಲೆಕ್ಕಕ್ಕೆ ಹಾಕಿದೆವು, ಕಾಲು ಉಳುಕಿದರೆ ಆ ಹೊಲದ ಲೆಕ್ಕಕ್ಕೆ ಹಾಕಿದೆವು. ನಾವು ಇದನ್ನೆಲ್ಲ ನಂಬಿದ್ದೆವೋ ಎಂದು ಕೇಳುತ್ತೀರಾ? ಅರ್ಧ ನಂಬಿದ್ದೆವು. ಉಳಿದರ್ಧ ನಮಗೆ ಬೇಕಾಗಿತ್ತು. ಊರಿನಲ್ಲಿ ಪ್ರತಿ ಮನೆಯೂ ಆ ಹೊಲದ ಮೇಲೆ ಕಥೆಯನ್ನು ಕಂಬಳಿಯ ಹಾಗೆ ಹೊದಿಸುತ್ತ ಬಂತು.

ನಮ್ಮ ತಪ್ಪು ಅಲ್ಲಿಯೇ ಇದೆ, ಅದನ್ನು ತಮ್ಮ ತಲೆಗೆ ಕಟ್ಟುವಷ್ಟು ನಾನು ಇಳಿದಿಲ್ಲ. ನಾವು ಎಷ್ಟು ಚೆನ್ನಾಗಿ ಮುಚ್ಚಿದೆವೆಂದರೆ ಕೆಳಗೇನಿದೆ ಎಂದು ನಮ್ಮ ಮಕ್ಕಳಿಗೇ ಗೊತ್ತಾಗಲಿಲ್ಲ. ಕಲ್ಲುಗಳ ದಿನ ಸೈವ್‌ಳ ಚೀಲದಲ್ಲಿ ಕುಂಚ, ಹಳೆಯ ಅಂಗಿ ತುಂಬಿ ಕಳಿಸಿದವಳು ನನ್ನದೇ ಮಗಳು. ತನ್ನ ಅಕ್ಕನ ತಲೆಯ ಮೇಲಿನ ಕಲ್ಲಿಗೆ ಬಣ್ಣ ಬಳಿಯಲು ಮಗಳನ್ನು ಕಳಿಸುತ್ತಿದ್ದೇನೆ ಎಂದು ಅವಳಿಗೆ ಹೇಳಿದವರು ಯಾರು? ಒಳ್ಳೆಯವರ ಹೆದರಿಕೆ ಇದ್ದಷ್ಟು ದಿನ ಸತ್ಯ ಹೇಳುವ ಅಗತ್ಯ ಬೀಳಲಿಲ್ಲ. ಅವರು ನಾಯಿಕೊಡೆಯ ಮೇಲೆ ಕುಳಿತು ಕಣ್ಣು ಹೊಡೆಯತೊಡಗಿದ ದಿನ ನಮ್ಮ ಮಕ್ಕಳಿಗೆ ಕಾವಲು ಇಲ್ಲವಾಯಿತು. ಅಂದು ತಾವು ಗೋರಿಯ ಮಾತು ಕೇಳಿದಾಗ ಎಪ್ಪತ್ತು ಜನರಲ್ಲಿ ಒಬ್ಬರಾದರೂ ಬಾಯಿ ತೆರೆಯಬೇಕಿತ್ತು. ತೆರೆದವನು ನಾನೊಬ್ಬ, ಅದೂ ಸುಳ್ಳು ಹೇಳಲು. ನನಗೆ ನಾಚಿಕೆಯಾಗುತ್ತದೆ.

ಸೈವ್ ಬಂದುಹೋದ ಮರುದಿನ ಮಧ್ಯಾಹ್ನ ನಾನೂ ನೋನಿಯೂ ಹೊಲಕ್ಕೆ ಹೋದೆವು. ಜೊತೆಯಾಗಿ ಹೋದದ್ದು ಅದೇ ಮೊದಲು. ಸ್ವಾಗತ ಫಲಕದ ಸುತ್ತ ಕಲ್ಲುಗಳು ಉಂಗುರದ ಹಾಗೆ ಕುಳಿತಿದ್ದವು. ಕೆಂಪು, ಹಳದಿ, ನೀಲಿ, ಒಂದಕ್ಕೆ ಮೀಸೆ, ಒಂದಕ್ಕೆ ಕನ್ನಡಕ. ನೋನಿ ಹುಲ್ಲಿನ ಮೇಲೆ ಮಂಡಿಯೂರಿ ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿದಳು, ಜಾಗದಲ್ಲಿಟ್ಟಳು. ಎಪ್ಪತ್ತೊಂಬತ್ತು ವರ್ಷದ ಮಂಡಿ. ಕೊನೆಯದನ್ನೂ ನೋಡಿ ಮುಗಿಸಿ ಹಾಗೇ ಕುಳಿತುಬಿಟ್ಟಳು.

“ಎರಡೆರಡು ಕೋಟು ಹೊಡ್ದಿದಾರೆ ಕಾನ್. ಮಕ್ಕಳು ಎಷ್ಟು ಚೊಕ್ಕವಾಗಿ ಮಾಡಿದಾರೆ ನೋಡು.”

“ಬಣ್ಣ ತೊಳೀಬಹುದು ನೋನಿ. ಟರ್ಪೆಂಟೈನ್ ಹಾಕಿದ್ರೆ ಹೋಗತ್ತೆ.”

“ತೊಳ್ದು? ಕಲ್ಲು ಸಿಗತ್ತೆ. ಅದನ್ನ ಎಲ್ಲಿಡ್ತೀಯ?”

ಹೊಲದಲ್ಲಿ ಕಲ್ಲು ಕಿತ್ತ ಗುಂಡಿಗಳ ಮೇಲೆ ಮಕ್ಕಳು ಓಡಾಡಿ ನೆಲ ಸಮವಾಗಿತ್ತು, ಉಳಿದದ್ದನ್ನು ತಮ್ಮ ಹುಲ್ಲು ಕತ್ತರಿಸುವ ಯಂತ್ರ ಮುಗಿಸಿತ್ತು. ನೋನಿ ಅತ್ತಳು. ಮಗು ಹೋದಾಗ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ, ನೋಡಲಾರದೆ ಕ್ರೀಮರಿಗೆ ಓಡಿಹೋಗಿದ್ದೆ. ಈ ಸಲ ಓಡಲು ಕ್ರೀಮರಿಯೂ ಇರಲಿಲ್ಲ. ಪಕ್ಕದಲ್ಲಿ ಕುಳಿತೆ.

ಬುಧವಾರ ನಾನು ಬಸ್ಸು ಹಿಡಿದು ತಮ್ಮ ಕಚೇರಿಗೆ ಬಂದೆ. ತಾವು ಬಹಳ ವಿನಯದಿಂದ ಕೂರಿಸಿದಿರಿ, ಕಾಫಿ ತರಿಸಿದಿರಿ. ನಾನು ಎಲ್ಲವನ್ನೂ ಹೇಳಿದೆ. ಮೊದಲ ಸಲ ಹೇಳುತ್ತಿದ್ದೆ, ಸರಿಯಾಗಿ ಹೇಳಲು ಬರಲಿಲ್ಲ. ತಾವು ಕೊನೆಯವರೆಗೂ ಕೇಳಿ, ಕಣ್ಣು ಒರೆಸಿಕೊಂಡು, ಹೀಗೆಂದಿರಿ: “ಕಾನ್ ಅವರೇ, ನಿಮ್ಮಷ್ಟು ಚೆನ್ನಾಗಿ ಕಥೆ ಹೇಳೋರನ್ನ ನಾನು ನೋಡಿಲ್ಲ. ಆದ್ರೆ ಇದು ಮಕ್ಕಳ ಪಥಕ್ಕೆ ಸ್ವಲ್ಪ ಭಾರ ಆಗತ್ತೆ.”

ಕಥೆಯಲ್ಲ ಎಂದೆ. ತಾವು ಕಡತ ತೆರೆದು ಏಪ್ರಿಲ್ ಸಭೆಯ ನಡಾವಳಿ ಓದಿದಿರಿ. ಶ್ರೀ ಲೂಸಿಯವರ ಹೇಳಿಕೆ: ಸದರಿ ಹೊಲದಲ್ಲಿ ಒಳ್ಳೆಯವರ ಹೊರತು ಯಾರೂ ಇಲ್ಲ. “ದಾಖಲೆ ಏನಾದ್ರೂ ಇದ್ಯಾ?” ಎಂದು ಕೇಳಿದಿರಿ. ಯಾವ ದಾಖಲೆ ಇರುತ್ತದೆ ಮಾನ್ಯರೇ? ಜ್ಞಾನಸ್ನಾನವಾಗದ ಮಗು ಚರ್ಚಿನ ಪುಸ್ತಕದಲ್ಲಿ ಇಲ್ಲ. ಉಸಿರಾಡದ ಮಗುವಿಗೆ ಆ ಕಾಲದಲ್ಲಿ ಸರ್ಕಾರ ಜನನವನ್ನೂ ಬರೆದುಕೊಳ್ಳುತ್ತಿರಲಿಲ್ಲ, ಮರಣವನ್ನೂ ಬರೆದುಕೊಳ್ಳುತ್ತಿರಲಿಲ್ಲ. ಗುಂಡಿ ತೋಡಿದವನು ಎಂಬತ್ತೆರಡು ವರ್ಷದ ಮುದುಕ, ಕಥೆ ಕಟ್ಟುವುದರಲ್ಲಿ ಹೆಸರಾದವನು. ಆ ಮಕ್ಕಳಿಗಾಗಿ ಇದ್ದ ನಡುವಿನ ಕೋಣೆಯನ್ನು ನಂಬಲೇಬೇಕೆಂದೇನೂ ಇಲ್ಲ ಎಂದು ಚರ್ಚಿನ ದೊಡ್ಡವರು ಕೆಲವು ವರ್ಷಗಳ ಹಿಂದೆ ಹೇಳಿದರಂತೆ. ಒಳ್ಳೆಯದಾಯಿತು. ನಮಗೆ ಯಾರೂ ಕಾಗದ ಬರೆದು ತಿಳಿಸಲಿಲ್ಲ, ಕ್ಷಮಿಸಿ ಎಂದೂ ಅನ್ನಲಿಲ್ಲ.

ಆದ್ದರಿಂದ ನನ್ನ ಹೇಳಿಕೆಯನ್ನು ಈ ಪತ್ರಿಕೆಯ ಮೂಲಕ, ಊರಿನ ಸಮಕ್ಷಮದಲ್ಲಿ ಹಿಂತೆಗೆದುಕೊಳ್ಳುತ್ತಿದ್ದೇನೆ. ಆ ಹೊಲದಲ್ಲಿ ಮಕ್ಕಳಿದ್ದಾರೆ. ಎಷ್ಟು ಎಂದು ತಿಳಿಯದು. ಕಲ್ಲುಗಳು ಇದ್ದಿದ್ದರೆ, ಇಲ್ಲಿ ಬಿಟ್ಟು ಅಲ್ಲಿ ತೋಡಿ ಎಂದು ಬೆರಳು ಮಾಡಿ ತೋರಿಸಬಹುದಿತ್ತು. ತಮ್ಮ ಬಣ್ಣದ ದಿನದಿಂದಾಗಿ ಯಾರು ಎಲ್ಲಿದ್ದಾರೆ ಎಂಬುದು ಭೂಮಿಯ ಮೇಲಿನ ಯಾರಿಗೂ ಗೊತ್ತಿಲ್ಲ, ಹಾಗಾಗಿ ಇನ್ನು ಎಲ್ಲಿಯೂ ತೋಡುವಂತಿಲ್ಲ. ಪಾಯ ಬೇಡ, ಕಾರು ಬೇಡ, ನಾಯಿಕೊಡೆ ಬೇಡ. ಮನಕರಗುವ ಸ್ಮಾರಕವನ್ನೂ, ಫಲಕ ಆರನ್ನೂ ದಯವಿಟ್ಟು ಕಟ್ಟಿಸಬೇಡಿ. ಸುತ್ತ ಬೇಲಿ ಹಾಕಿ, ಒಂದು ಗೇಟು ಬಿಡಿ, ವಯಸ್ಸಾದವರು ಹಿಡಿದುಕೊಳ್ಳಲು ಗೇಟಿಗೊಂದು ಹಿಡಿ ಇರಲಿ. ಕಲ್ಲು ಮನೆಗೆ ಒಯ್ದ ಮಕ್ಕಳನ್ನು ಯಾರೂ ಗದರಬಾರದು, ಇದು ನೋನಿಯ ಷರತ್ತು. ಇಷ್ಟಾಗಿಯೂ ಸೋಮವಾರ ಜೆಸಿಬಿ ಬಂದರೆ ನಾನೂ ನೋನಿಯೂ ಹೊಲದ ದಾರಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕುಳಿತಿರುತ್ತೇವೆ. ಜೆರ್ ತಾನೂ ಬರುತ್ತೇನೆಂದು ನಿನ್ನೆ ಹೇಳಿ ಕಳಿಸಿದ್ದಾನೆ. ಇನ್ನೆಷ್ಟು ಮನೆಯ ಕುರ್ಚಿಗಳು ಬರುತ್ತವೋ ಅಷ್ಟು ಮಕ್ಕಳು ಅಲ್ಲಿದ್ದಾರೆಂದು ತಾವು ಬರೆದುಕೊಳ್ಳಬಹುದು.

ಈ ಪತ್ರವನ್ನು ಇಲ್ಲಿಯವರೆಗೆ ಬರೆದು ಇಂದು ಬೆಳಿಗ್ಗೆ ನೋನಿಗೆ ಓದಿ ಹೇಳಿದೆ. ಅವಳು ಆಲೂಗಡ್ಡೆ ಹೆರೆಯುತ್ತ ಕೇಳಿದಳು. ಮುಗಿದ ಮೇಲೆ ಚಾಕು ಕೆಳಗಿಟ್ಟಳು.

“ಮಗು, ಮಗು ಅಂತ ಎಷ್ಟು ಸಲ ಬರ್ದಿದೀಯ?”

“ಇನ್ನೇನಂತ ಬರೀಲಿ?”

“ಹೆಸರು ಬರಿ.”

“ನಾವು ಹೆಸರೇ ಇಟ್ಟಿರ್ಲಿಲ್ವಲ್ಲ ನೋನಿ.”

“ನೀನು ಇಟ್ಟಿರ್ಲಿಲ್ಲ,” ಎಂದಳು. “ಅವಳು ಹುಟ್ಟಿದ್ದು ಹನ್ನೊಂದನೇ ತಾರೀಕು. ಸಂತ ಗೊಬ್ನಿತ್ ಹಬ್ಬದ ದಿನ. ಆವತ್ತು ಹುಟ್ಟಿದ ಹುಡುಗೀಗೆ ಇನ್ಯಾವ ಹೆಸರು ಇಡ್ಲಿ? ಪ್ರತಿ ವರ್ಷ ಹೋಗಿ ಅದೇ ಹೆಸರಲ್ಲಿ ಕರ್ದು ಮಾತಾಡ್ಸಿ ಬರ್ತಿದ್ದೆ.”

ನಂತರ ಮತ್ತೆ ಆಲೂಗಡ್ಡೆ ಎತ್ತಿಕೊಂಡಳು. ಐವತ್ತೈದು ವರ್ಷ ಒಂದೇ ಮೇಜಿನಲ್ಲಿ ಉಂಡ ನನಗೆ ನನ್ನ ಹಿರಿಯ ಮಗಳ ಹೆಸರು ಗೊತ್ತಾದದ್ದು ಇಂದು ಬೆಳಿಗ್ಗೆ ಹತ್ತು ಗಂಟೆಗೆ. ತಾವು ದಾಖಲೆ ಕೇಳಿದ್ದಿರಿ, ಕೆಳಗೆ ಸಹಿಯ ಜಾಗದಲ್ಲಿದೆ, ಕಡತಕ್ಕೆ ಸೇರಿಸಿಕೊಳ್ಳಿ.

ಇಂತಿ,
ಬಹಳ ತಡಮಾಡಿ ಬಾಯಿಬಿಟ್ಟ,
ಗೊಬ್ನಿತ್ ಲೂಸಿಯ ಅಪ್ಪ